ಹಸಿರು ಕಡುಬು ಮತ್ತು ಇಡ್ಡಲಿಗೆ

ಜಪಾನಿನ ಮೋಚಿಯನ್ನು ಮನೆಯಲ್ಲಿಯೇ ಮಾಡುವ ಆಸೆಯಿಂದ ಕಲಬುರಗಿಯ ನಮ್ಮ ಅಡುಗೆಮನೆಯಲ್ಲಿ ಅಕ್ಕಿಹಿಟ್ಟು, ಸಕ್ಕರೆ, ಹಸಿರು ಚಹಾದ ಪುಡಿಗಳನ್ನು ನೀರಿನಲ್ಲಿ ಕಲಸಿ, ತುಪ್ಪ ಸವರಿದ ಬಟ್ಟಲಿಗೆ ಹಾಕಿ, ಸೀಟಿ ತೆಗೆದ ಕುಕ್ಕರಿನಲ್ಲಿ 20 ನಿಮಿಷ ಬೇಯಿಸಿದೆ. ಬಿಸಿಯಲ್ಲಿ ಮೃದುವಾಗಿಯೇ ಇತ್ತು. ಅದೇ ದಿನ, ಸೂರ್ಯಾಸ್ತಕ್ಕೆ ಮುನ್ನ, ಹುಮನಾಬಾದ್ ರಸ್ತೆಯ ಕಮಲಾಪುರದಲ್ಲಿರುವ ಸೋದರತ್ತೆಯ ಮನೆಗೆ ಒಯ್ಯುವಷ್ಟರಲ್ಲಿ ಗಟ್ಟಿಯಾಗಿತ್ತು. ಊರಿನ ಕೆಂಪು ಬಾಳೆಹಣ್ಣನ್ನು ನನ್ನ ಮುಂದಿಟ್ಟು, ತುಣುಕೊಂದನ್ನು ಬಾಯಿಗೆ ಹಾಕಿಕೊಂಡ ಅತ್ತೆ ಹೇಳಿದರು: “ಇದು ಕಡುಬೇ ಅದ ತಮ್ಮಾ, ಬಣ್ಣ ಅಷ್ಟ ಹಸರ.”

ಮಾತು ನಿಜ. ಮೋಚಿಗೆ ಬಳಸುವ ಅಂಟಕ್ಕಿಯ ಪಿಷ್ಟದಲ್ಲಿ ಅಮೈಲೋಸ್ ಇಲ್ಲವೆನ್ನುವಷ್ಟು ಕಡಿಮೆ. ಆದುದರಿಂದಲೇ ಅದು ಎಳೆದರೆ ಎಳೆಯಾಗುತ್ತದೆ. ನಮ್ಮ ಅಕ್ಕಿಯಲ್ಲಿ ಅದು ಸಾಕಷ್ಟಿದ್ದು, ಆರಿದೊಡನೆ ಹಿಟ್ಟು ಬಿಗಿಯುತ್ತದೆ. ನಾನು ತಂದದ್ದು ಹೆಸರನ್ನು ಮಾತ್ರ.

ಹಿಂದಿರುಗುವಾಗ ನನ್ನದೇ ಹಳೆಯ ತಪ್ಪೊಂದು ನೆನಪಾಯಿತು. ‘ವಡ್ಡಾರಾಧನೆ’ಯ ಇಡ್ಡಲಿಗೆಯನ್ನು ಎಷ್ಟೋ ವರ್ಷ ಇಂದಿನ ಇಡ್ಲಿಯೆಂದೇ ಪಾಠ ಹೇಳಿದ್ದೆ. ಆದರೆ 1025ರ ಸುಮಾರಿನ ‘ಲೋಕೋಪಕಾರ’ದ ವಿಧಾನದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ಅರೆಯುತ್ತಾರೆ, ಅಕ್ಕಿಯ ಮಾತಿಲ್ಲ. ಅಕ್ಕಿ ಬೆರೆಸುವುದು, ಹುದುಗಿಸುವುದು, ಹಬೆಯಲ್ಲಿ ಬೇಯಿಸುವುದು ಈ ಮೂರೂ ಹಳೆಯ ಉಲ್ಲೇಖಗಳಲ್ಲಿ ಕಾಣುವುದಿಲ್ಲವೆಂದು ಆಹಾರ ಇತಿಹಾಸಕಾರ ಕೆ. ಟಿ. ಅಚಯ ಗುರುತಿಸಿದ್ದಾರೆ. ಪದ ಉಳಿಯಿತು, ಪಾಕ ಬದಲಾಯಿತು. ನನ್ನ ತಟ್ಟೆಯಲ್ಲಿ ಹೆಸರು ಹೊಸದು, ಪಾಕ ಹಳೆಯದು. ಪದಕೋಶ ಒಂದರಿಂದಲೇ ಪ್ರಾಚೀನರ ಊಟದ ಎಲೆಯನ್ನು ಬಡಿಸಲಾಗದು. ಮುಂದಿನ ತರಗತಿಯಲ್ಲಿ ಆ ಪಾಠವನ್ನು ತಿದ್ದಿ ಹೇಳಬೇಕು.