ಎರಡು ಗಾಲಿ, ಒಂದು ಕಾಲುವೆ

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡು ಬೇಸಿಗೆ ಎಂದು ಹೊರಗಿನವರು ಹಾಸ್ಯ ಮಾಡುವುದುಂಟು. ಮಾಡಲಿ ಬಿಡಿ. ಮಲೆನಾಡಿನ ನಮ್ಮ ಬೀಗರು ಬಂದಾಗಲೆಲ್ಲ ಫ್ಯಾನಿನ ಕೆಳಗೇ ಕೂತು, "ಈ ಊರಲ್ಲಿ ಏನು ಸುಖ ಉಂಟು ಮಾರಾಯ್ರೆ?" ಎಂದು ಕೇಳುತ್ತಾರೆ. ನನ್ನ ಉತ್ತರ ಒಂದೇ: "ಸೈಕಲ್ ತುಳಿಯೋ ಸುಖ!"

ಅವರು ನಗುತ್ತಾರೆ. ಆದರೆ ನಾನು ಹೇಳುವುದು ನಿಜ. ನಮ್ಮ ಎರೆಭೂಮಿ ರೊಟ್ಟಿ ಬಡಿಯುವ ಹಲಗೆಯಂತೆ ಸಮತಟ್ಟು. ಗುಡ್ಡಗಳಿಲ್ಲವೆಂದಲ್ಲ, ಬೇಕಾದಷ್ಟಿವೆ. ಆದರೆ ಅವು ದಾರಿಗೆ ಅಡ್ಡ ಬರುವುದಿಲ್ಲ. ಯಾರೋ ಬಂಡೆಗಳನ್ನು ರಾಶಿ ಹಾಕಿ ಮರೆತುಹೋದಂತೆ ದೂರದಲ್ಲಿ ತಮ್ಮ ಪಾಡಿಗೆ ತಾವು ಕೂತಿರುತ್ತವೆ. ನಮ್ಮ ಕಡೆ ಸೈಕಲ್ಲಿಗೆ ಏರು ಎಂದರೆ ಆಷಾಢದ ಗಾಳಿ ಒಂದೇ. ಅದು ಎದುರಾದರೆ ಇಳಿದು ತಳ್ಳಬೇಕು. ಬೆನ್ನಿಗೆ ಬಂತೋ, ಪೆಡಲ್ ಮುಟ್ಟುವುದೂ ಬೇಡ.

ನಾನು ಸೈಕಲ್ ಕಲಿತದ್ದು 1981ರಲ್ಲಿ, ಸಿರುಗುಪ್ಪದಲ್ಲಿ. ಆಗ ನನಗೆ ಹನ್ನೆರಡು ವರ್ಷ. ಅಣ್ಣ ಗಂಟೆ ಬಾಡಿಗೆಗೆ ತಂದ ದೊಡ್ಡ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆಯುತ್ತಿದ್ದೆ. ಲಂಗ ಚೈನಿಗೆ ಸಿಕ್ಕಿ ಹರಿಯಿತು, ಮೊಣಕಾಲೂ ಹರಿಯಿತು. ಅಜ್ಜಿಗೆ ಲಂಗದ್ದೂ ಅಲ್ಲ, ಮೊಣಕಾಲಿನದ್ದೂ ಅಲ್ಲ ಚಿಂತೆ. "ಹೆಣ್ಣುಹುಡುಗಿ ಸೈಕಲ್ ಮ್ಯಾಲೆ ಕುಂತ್ರೆ ನಾಳೆ ಯಾವನು ಲಗ್ನ ಆಗ್ತಾನ?" ಎಂದು ಅಪ್ಪನನ್ನು ಹಿಡಿದು ಕೇಳಿದಳು. ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಮಾತು ಕಡಿಮೆಯವರು. "ಆಗೋನು ಹಿಂದೆ ಕ್ಯಾರಿಯರ್ ಮ್ಯಾಲೆ ಕುಂದರ್ತಾನ ಬಿಡವ್ವ" ಎಂದರು. ಮುಂದೆ ಹಾಗೆಯೇ ಆಯಿತು. ಕುರುಗೋಡಿನಲ್ಲಿದ್ದಾಗ ಒಮ್ಮೆ ಬಸ್ಸು ತಪ್ಪುವ ಹೊತ್ತಾಗಿ ನಮ್ಮ ಯಜಮಾನರು ನನ್ನ ಕ್ಯಾರಿಯರ್ ಮೇಲೆ ಕೂತು ಬಸ್‌ಸ್ಟ್ಯಾಂಡಿಗೆ ಬಂದರು. ಓಣಿಯ ಹೆಂಗಸರು ಅದನ್ನು ಒಂದು ತಿಂಗಳು ಆಡಿಕೊಂಡರು.

1994ರಲ್ಲಿ ನನಗೆ ಕೆಲಸ ಸಿಕ್ಕಿದ್ದು ಕುರುಗೋಡಿನಿಂದ ಏಳು ಕಿಲೋಮೀಟರ್ ದೂರದ ಹಳ್ಳಿಯ ಪ್ರೌಢಶಾಲೆಯಲ್ಲಿ. ಬಸ್ಸು ದಿನಕ್ಕೆ ಎರಡು ಬಾರಿ ಬರುತ್ತಿತ್ತು, ಎರಡೂ ಬಾರಿ ನನ್ನ ಹೊತ್ತಿಗಲ್ಲ. ಹಾಗಾಗಿ ಒಂದು ಲೇಡೀಸ್ ಸೈಕಲ್ ಕೊಂಡೆ. ಸೀರೆಯ ನೆರಿಗೆಯನ್ನು ಸೇಫ್ಟಿಪಿನ್ನಿನಿಂದ ಎತ್ತಿ ಸಿಕ್ಕಿಸಿಕೊಂಡು, ಹ್ಯಾಂಡಲಿಗೆ ಊಟದ ಬುತ್ತಿ ತೂಗುಹಾಕಿ, ಹನ್ನೊಂದು ವರ್ಷ ಅದೇ ದಾರಿ ತುಳಿದೆ. ಮೊದಲ ವಾರ ಹುಡುಗರು ಹಿಂದೆ ಓಡಿ ಬಂದರು. ಎರಡನೇ ವಾರ ದನ ಕಾಯುವವರು ಕೈ ಎತ್ತಿದರು. ತಿಂಗಳಾಗುವ ಹೊತ್ತಿಗೆ, ನಾನು ಬಂದದ್ದು ನೋಡಿ "ಹತ್ತಾಗಾಕ ಬಂತು" ಎಂದು ಹೊತ್ತು ತಿಳಿಯುವ ಮುದುಕರೂ ಇದ್ದರು.

ಸೈಕಲ್ಲಿನ ಮೇಲಿಂದ ಕಂಡಷ್ಟು ಊರು ಬಸ್ಸಿನ ಕಿಟಕಿಯಿಂದ ಕಾಣುವುದಿಲ್ಲ. ಬಳ್ಳಾರಿ ಬಿಟ್ಟರೆ ಮಗ್ಗುಲಲ್ಲೇ ಸಂಗನಕಲ್ಲು. ಸಾವಿರಾರು ವರ್ಷಗಳ ಹಿಂದೆ ಅಲ್ಲಿನ ಗುಡ್ಡದ ಮೇಲೆ ಜನ ಕಲ್ಲಿನ ಕೊಡಲಿ ಮಾಡಿಕೊಂಡು, ದನ ಸಾಕಿಕೊಂಡು ಬದುಕಿದ್ದರು. ಅಲ್ಲಿಯೇ ಕುಪ್ಪಗಲ್ಲಿನ ಗುಡ್ಡದಲ್ಲಿ ಬಡಿದರೆ ಗಂಟೆಯಂತೆ ನಾದ ಕೊಡುವ ಬಂಡೆಗಳಿವೆ. ಕುರುಗೋಡು ಒಂದು ಕಾಲಕ್ಕೆ ಸಿಂದ ಅರಸರ ರಾಜಧಾನಿ. ಈಗ ತಾಲ್ಲೂಕು ಕೇಂದ್ರ. ಅಲ್ಲಿ ಏಕಶಿಲೆಯ ದೊಡ್ಡಬಸವಣ್ಣ ಇದ್ದಾನೆ. ಶಾಲೆಗೆ ಹೋಗುವಾಗ ಅವನಿಗೊಂದು ಕೈಮುಗಿದೇ ನಾನು ಪೆಡಲ್ ಮೇಲೆ ಕಾಲಿಡುತ್ತಿದ್ದೆ.

ಊರು ದಾಟಿದರೆ ಕಾಲುವೆ. ತುಂಗಭದ್ರಾ ಅಣೆಕಟ್ಟೆಯಿಂದ 1953ರಲ್ಲಿ ನೀರು ಬಿಡಲು ಆರಂಭವಾದ ಮೇಲೆ ಈ ಸೀಮೆಯ ಬಣ್ಣವೇ ಬದಲಾಯಿತು. ಮೇಲ್ಮಟ್ಟದ ಕಾಲುವೆ ಬಳ್ಳಾರಿಯ ಕಡೆಗೆ, ಕೆಳಮಟ್ಟದ್ದು ಸಿರುಗುಪ್ಪದ ಕಡೆಗೆ. ನಮ್ಮ ಜನ ಇವನ್ನು ಎಚ್ಚೆಲ್ಸಿ, ಎಲ್ಲೆಲ್ಸಿ ಎಂದೇ ಕರೆಯುತ್ತಾರೆ. ಜೋಳ ಬೆಳೆಯುತ್ತಿದ್ದ ನೆಲ ಭತ್ತದ ಕಣಜವಾಯಿತು. ಕಾಲುವೆಯ ದಂಡೆಯ ಮೇಲೆ ಸೈಕಲ್ಲಿನಲ್ಲಿ ಹೋಗುವಾಗ ಒಂದು ಕಡೆ ನೀರು, ಇನ್ನೊಂದು ಕಡೆ ಕಣ್ಣು ಹಾಯುವಷ್ಟೂ ಹಸುರು, ನಾಟಿ ಹಚ್ಚುವ ಹೆಂಗಸರ ಬಾಗಿದ ಸಾಲು. ಚಳಿಗಾಲ ಕಳೆದ ಮೇಲೆ ಕಣದಲ್ಲಿ ಹರವಿದ ಮೆಣಸಿನಕಾಯಿಯ ಘಾಟಿಗೆ ಕೆಮ್ಮುತ್ತ ಕೆಮ್ಮುತ್ತ ಸಾಗಬೇಕು.

ಕಷ್ಟಗಳಿಲ್ಲವೆ? ಮೊದಲನೆಯದು ಬಳ್ಳಾರಿ ಜಾಲಿ. ನಾಡಿನ ಯಾವ ಮೂಲೆಯಲ್ಲಿದ್ದರೂ ನಮ್ಮ ಊರಿನ ಹೆಸರು ಹೊತ್ತ ಈ ಗಿಡ ದೂರದ ಅಮೆರಿಕ ಖಂಡದಿಂದ ಬಂದದ್ದು. ಅದರ ಮುಳ್ಳು ಟೈರನ್ನೂ ಟ್ಯೂಬನ್ನೂ ಒಂದೇ ಏಟಿಗೆ ದಾಟುತ್ತದೆ. ಮಳೆಗಾಲದಲ್ಲಿ ಟ್ರ್ಯಾಕ್ಟರಿನ ಗಾಲಿಗಳು ಗದ್ದೆಯ ಕೆಸರನ್ನು ರಸ್ತೆಗೆ ತಂದು ಮೆತ್ತುತ್ತವೆ. ಎರೆಮಣ್ಣು ಮಡ್‌ಗಾರ್ಡಿನಲ್ಲಿ ತುಂಬಿದರೆ ಸೈಕಲ್ಲನ್ನು ನಾವೇ ಹೊರಬೇಕು. ಕೊಯ್ಲಿನ ಹೊತ್ತಿಗೆ ರಸ್ತೆಯ ಅರ್ಧಕ್ಕೆ ಭತ್ತ ಹರವಿ, ಅಂಚಿಗೆ ಕಲ್ಲಿಟ್ಟಿರುತ್ತಾರೆ. ರೈತರನ್ನು ಬಯ್ಯಲು ಮನಸ್ಸು ಬಾರದು, ಒಣಗಿಸಲು ಅವರಿಗೆ ಬೇರೆ ಜಾಗ ಎಲ್ಲಿದೆ?

ಅಕ್ಕನ ಮಗ ಈಗ ಫ್ರಾನ್ಸ್ ದೇಶದ ತುಲೂಸ್ ನಗರದಲ್ಲಿ ಕೆಲಸದಲ್ಲಿದ್ದಾನೆ. ರಜೆಯ ದಿನ ಸೈಕಲ್ ಹತ್ತಿ ಹಳ್ಳಿಗಳ ಕಡೆ ಹೊರಟುಬಿಡುತ್ತಾನೆ. "ಚಿಕ್ಕಮ್ಮ, ಇಲ್ಲೂ ಒಂದು ಎಲ್ಲೆಲ್ಸಿ ಐತಿ ನೋಡು" ಎಂದು ಫೋನಿಗೆ ಚಿತ್ರಗಳನ್ನು ಕಳಿಸಿದ. ಅದು ಮಿದಿ ಕಾಲುವೆಯಂತೆ. 1681ರಲ್ಲಿ ಕಟ್ಟಿ ಮುಗಿಸಿದ್ದು, ಸುಮಾರು 240 ಕಿಲೋಮೀಟರ್ ಉದ್ದ. ದೋಣಿಗಳನ್ನು ಎಳೆಯುವ ಕುದುರೆಗಳು ನಡೆದ ದಂಡೆಯ ಮೇಲೆ ಈಗ ಸೈಕಲ್ಲಿನವರು ಹೋಗುತ್ತಾರೆ. ದಂಡೆಯ ಮರಗಳಿಗೆ 2006ರಲ್ಲಿ ಒಂದು ರೋಗ ಕಾಣಿಸಿಕೊಂಡು ಸಾವಿರಾರು ಮರಗಳನ್ನು ಕಡಿಯಬೇಕಾಯಿತಂತೆ. ಕಡಿದಲ್ಲಿ ಬೇರೆ ಜಾತಿಯ ಸಸಿ ನೆಡುತ್ತಿದ್ದಾರೆ. ಹಳ್ಳಿಗೊಂದು ಚರ್ಚು, ಒಂದು ನೀರಿನ ಬುಗ್ಗೆ, ಒಂದು ಬ್ರೆಡ್ಡಿನ ಅಂಗಡಿ. ನಮ್ಮಲ್ಲಿ ಹನುಮಪ್ಪನ ಗುಡಿ, ಬೇವಿನ ಕಟ್ಟೆ, ಮಿರ್ಚಿ ಮಂಡಕ್ಕಿ ಅಂಗಡಿ. ಅಷ್ಟೇ ವ್ಯತ್ಯಾಸ ಎಂದುಕೊಂಡೆ.

ಆದರೆ ಅವನು ಹೇಳಿದ ಇನ್ನೊಂದು ಮಾತು ಮನಸ್ಸಿನಲ್ಲಿ ನಿಂತಿತು. ಊರ ಹೊರಗಿನ ರಸ್ತೆಯಲ್ಲಿ ಮೋಟಾರು ವಾಹನದವರು ಸೈಕಲ್ಲನ್ನು ದಾಟುವಾಗ ಒಂದೂವರೆ ಮೀಟರ್ ಜಾಗ ಬಿಡಲೇಬೇಕು, ಊರೊಳಗಾದರೆ ಒಂದು ಮೀಟರ್. ಅಲ್ಲಿ ಅದು ಕಾನೂನು. ಅಲ್ಲಿಯೂ ಹೆಂಗಸರಿಗೆ ಎಲ್ಲ ಸುಲಭವಾಗಿ ಸಿಕ್ಕಿಲ್ಲ ಅನ್ನಿ. ಗಂಡಸರ ಟೂರ್ ದ ಫ್ರಾನ್ಸ್ ಪಂದ್ಯ 1903ರಿಂದ ಇದೆ. ಹೆಂಗಸರದು 1984ರಿಂದ 1989ರ ವರೆಗೆ ನಡೆದು ನಿಂತು, ಈಗಿನ ರೂಪದಲ್ಲಿ ಮತ್ತೆ ಶುರುವಾದದ್ದು 2022ರಲ್ಲಿ.

ನಮ್ಮ ಹೆಣ್ಣುಮಕ್ಕಳಿಗೆ ಬೇಕಾದ್ದು ಪಂದ್ಯವಲ್ಲ, ಶಾಲೆಯ ದಾರಿ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟೆ ಜಿಲ್ಲೆಯಲ್ಲಿ ಅಕ್ಷರ ಕಲಿಸುವವರು ಜೊತೆಗೆ ಸೈಕಲ್ಲನ್ನೂ ಕಲಿಸಿದರು. ಸಾವಿರಾರು ಹಳ್ಳಿ ಹೆಂಗಸರು ಕಲಿತರು. ನಮ್ಮ ರಾಜ್ಯದಲ್ಲಿ 2006-07ರಿಂದ ಸರ್ಕಾರಿ ಶಾಲೆಯ ಎಂಟನೇ ತರಗತಿಯ ಬಡ ಹುಡುಗಿಯರಿಗೆ, ಆಮೇಲೆ ಹುಡುಗರಿಗೂ ಸೈಕಲ್ ಬಂದವು. ಆ ಸಾಲು ಸಾಲು ಸೈಕಲ್ಲುಗಳು ಶಾಲೆಯ ಅಂಗಳದಲ್ಲಿ ನಿಂತದ್ದನ್ನು ನೋಡಿ ನಾನು ಎಷ್ಟು ಹಿಗ್ಗಿದ್ದೆ! ಕೋವಿಡ್ ಬಂದ 2020ರಲ್ಲಿ ಅದು ನಿಂತಿತು.

ಮರುವರ್ಷ ಶಾಲೆ ಮತ್ತೆ ತೆರೆದಾಗ ಒಬ್ಬ ತಾಯಿ ಬಂದಳು. ಆ ಹೊತ್ತಿಗೆ ನನಗೆ ಸಿರುಗುಪ್ಪದ ಕಡೆಗೆ ವರ್ಗವಾಗಿತ್ತು. ಎಂಟನೇ ತರಗತಿಯ ಮಗಳ ಟಿ.ಸಿ. ಕೊಡಿ ಎಂದಳು. "ಬಸ್ಸು ನಂಬಂಗಿಲ್ರಿ ಟೀಚರ್. ಆರು ಕಿಲೋಮೀಟ್ರು ನಡ್ಕೊಂಡು ಬರಾಕ ಕತ್ತಲಾಗ್ತೈತಿ. ಮನಿಯಾಗ ಇರ್ಲಿ ಬಿಡ್ರಿ." ಮನೆಯಲ್ಲಿರುವುದು ಎಂದರೇನೆಂದು ಮೂವತ್ತು ವರ್ಷ ಪಾಠ ಹೇಳಿದವಳಿಗೆ ಗೊತ್ತಿಲ್ಲವೆ? ಒಂದು ವರ್ಷ ಹತ್ತಿ ಬಿಡಿಸುವುದು, ಮರುವರ್ಷ ಲಗ್ನದ ಮಾತು.

ಹಳೆಯ ವಿದ್ಯಾರ್ಥಿನಿಯೊಬ್ಬಳ ತವರಿನ ದನದ ಕೊಟ್ಟಿಗೆಯಲ್ಲಿ ಸರ್ಕಾರದ ಸೈಕಲ್ ಬಿದ್ದಿತ್ತು. ಕೇಳಿದೆ, ಕೊಟ್ಟರು. ಟೈರು, ಟ್ಯೂಬು, ಚೈನು ಹಾಕಿಸಿದೆ. ಆದರೂ ತಾಯಿ ಒಪ್ಪಲಿಲ್ಲ. ಹೆದ್ದಾರಿಯಲ್ಲಿ ಲಾರಿಯ ಭಯ, ಕಾಲುವೆ ದಂಡೆಯಲ್ಲಿ ಒಂಟಿಯಾಗುವ ಭಯ. ಎರಡೂ ಸುಳ್ಳಲ್ಲ. ಭಾನುವಾರ ಮೂವರೂ ಹೋಗಿ ದಾರಿ ನೋಡಿದೆವು. ದಂಡೆ ಒಂದು ಕಿಲೋಮೀಟರ್ ಸುತ್ತು, ಆದರೆ ಗದ್ದೆಯಲ್ಲಿ ಜನ ಇರುತ್ತಾರೆ. ಅದೇ ಊರಿನ ಇನ್ನೂ ನಾಲ್ವರು ಹುಡುಗಿಯರು ಜೊತೆಯಾದರೆ ಕಳಿಸುತ್ತೇನೆಂದಳು. ನಾಲ್ವರನ್ನೂ ಮನೆಮನೆಗೆ ಹೋಗಿ ಹೊರಡಿಸಿದೆವು. ಐದು ಹುಡುಗಿಯರು, ಮೂರು ಸೈಕಲ್ಲು. ಕ್ಯಾರಿಯರ್ ಮೇಲೆ ಕೂತವಳು ವಾಪಸು ಬರುವಾಗ ತುಳಿಯಬೇಕು ಎಂದು ಅವರವರಲ್ಲೇ ಕರಾರಾಯಿತು.

ಆ ಹುಡುಗಿ 2024ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಸಿರುಗುಪ್ಪದಲ್ಲಿ ಕಾಲೇಜು ಸೇರಿದಳು. ಐವರಲ್ಲಿ ಇಬ್ಬರು ನಡುವೆಯೇ ಶಾಲೆ ಬಿಟ್ಟರು. ಸೈಕಲ್ಲೊಂದರಿಂದಲೇ ಎಲ್ಲವೂ ಆಗುವುದಿಲ್ಲ. ಆದರೆ ಅದಿಲ್ಲದಿದ್ದರೆ ಉಳಿದ ಮೂವರೂ ಬರುತ್ತಿರಲಿಲ್ಲ ಎಂಬುದು ನನಗೆ ಗೊತ್ತು.

ಈಗ ಹೆಂಗಸರಿಗೆ ಬಸ್ಸು ಪುಕ್ಕಟೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ದೊಡ್ಡ ಉಪಕಾರವಾಗಿದೆ. ಆದರೆ ಬಸ್ಸು ಬಾರದ ಊರಿಗೆ ಪುಕ್ಕಟೆ ಟಿಕೆಟ್ಟಿನಿಂದೇನು? ಸಿರುಗುಪ್ಪದ ರಸ್ತೆ ರಾಷ್ಟ್ರೀಯ ಹೆದ್ದಾರಿಯಾಗಿದೆ, ಸಂತೋಷ. ತೆಕ್ಕಲಕೋಟೆಯ ಕಡೆ ಸಂಜೆ ಹೊತ್ತು ನಿಂತು ನೋಡಿದರೆ, ಭತ್ತದ ಲಾರಿಗೂ ರಸ್ತೆಯ ಅಂಚಿಗೂ ನಡುವೆ ಸೈಕಲ್ಲಿಗೆ ಉಳಿದಿರುವುದು ಒಂದು ಮೊಳ. ಆ ಮೊಳವನ್ನು ಒಂದೂವರೆ ಮೀಟರ್ ಮಾಡುವುದು ಫ್ರಾನ್ಸಿಗೆ ಮಾತ್ರ ಸಾಧ್ಯವೇನು? ಕಾಲುವೆಯ ದಂಡೆಗೆ ಜಾಲಿ ಸವರಿಸಿ, ಗಟ್ಟಿ ಮಣ್ಣು ಹಾಕಿಸಿ, ಎರಡು ದೀಪ ಇಡಿಸಿದರೆ ಎಷ್ಟು ಹಳ್ಳಿಗಳ ಹುಡುಗಿಯರಿಗೆ ದಾರಿಯಾಗುತ್ತದೆ! ಗ್ರಾಮಸಭೆಗೆ ಹೋಗುವ ಅಕ್ಕತಂಗಿಯರು ಇದನ್ನೊಂದು ಕೇಳಬೇಕು.

ಪೇಟೆಯಲ್ಲಿರುವ ನಮ್ಮಿಂದಲೂ ಒಂದು ಕೆಲಸ ಆದೀತು. ಮಕ್ಕಳು ದೊಡ್ಡವರಾಗಿ ಸ್ಕೂಟರ್ ಹತ್ತಿದ ಮೇಲೆ ನಿಮ್ಮ ಮನೆಯ ಜೀನದ ಕೆಳಗೆ, ಮಾಳಿಗೆಯ ಮೇಲೆ ಒಂದು ಸೈಕಲ್ ಧೂಳು ತಿನ್ನುತ್ತಿರಬಹುದು. ಅದನ್ನು ಗುಜರಿಗೆ ಹಾಕಬೇಡಿ. ಗಾಳಿ ತುಂಬಿಸಿ, ಸೀಟು ಸ್ವಲ್ಪ ಇಳಿಸಿ, ಹತ್ತಿರದ ಸರ್ಕಾರಿ ಶಾಲೆಯ ಟೀಚರಿಗೆ ಒಂದು ಮಾತು ತಿಳಿಸಿ. ಯಾವ ಹುಡುಗಿಗೆ ಕೊಡಬೇಕೆಂದು ಅವರಿಗೆ ಗೊತ್ತಿರುತ್ತದೆ.