ಗಟ್ಟಿ ಮಾಡುವ ಕಥೆಗಳು: ಅಡಿಲೇಡ್ ದಿನಚರಿಯಿಂದ

26 ಮೇ 2023, ಶುಕ್ರವಾರ

ಇವತ್ತು ಇಲ್ಲಿ ಆಸ್ಟ್ರೇಲಿಯಾದಲ್ಲಿ ‘ಸಾರಿ ಡೇ’. ಸರ್ಕಾರವೇ ಮನೆಗಳಿಂದ ಎತ್ತಿಕೊಂಡು ಹೋದ ಅಬಾರಿಜಿನಲ್, ಅಂದರೆ ಮೂಲನಿವಾಸಿ ಮಕ್ಕಳನ್ನು ನೆನೆಯುವ ದಿನ. 1997ರಲ್ಲಿ ಇದೇ ತಾರೀಖು ಆ ಮಕ್ಕಳ ಕುರಿತ ವರದಿ ಸಂಸತ್ತಿನ ಮುಂದೆ ಬಂತು. ಪ್ರಧಾನಿ ಕೆವಿನ್ ರಡ್ ಕ್ಷಮೆ ಕೇಳಿದ್ದು 2008ರ ಫೆಬ್ರವರಿ 13ರಂದು. ವರದಿ ಓದಿದ ದೇಶಕ್ಕೆ ಕ್ಷಮೆ ಎನ್ನಲು ಅಷ್ಟು ವರ್ಷ ಹಿಡಿಯಿತು.

ಬೆಂಗಳೂರಿನಲ್ಲಿ ಕೌನ್ಸೆಲಿಂಗ್ ಓದುವಾಗ ನೆರೇಟಿವ್ ಥೆರಪಿ ಅಂದರೆ ಒಂದು ಸಣ್ಣ ಅಧ್ಯಾಯ. ಅಡಿಲೇಡಿನ ಮೈಕೆಲ್ ವೈಟ್, ನ್ಯೂಜಿಲೆಂಡಿನ ಡೇವಿಡ್ ಎಪ್ಸ್ಟನ್, ಇಬ್ಬರೂ ಸೇರಿ 1990ರಲ್ಲಿ ತಂದ ಪುಸ್ತಕ. ಮನುಷ್ಯ ಬೇರೆ, ಅವನಿಗೆ ಅಂಟಿಕೊಂಡ ಸಮಸ್ಯೆ ಬೇರೆ ಎಂಬ ತಿಳಿವಳಿಕೆ. ಪರೀಕ್ಷೆಗೆ ಅಷ್ಟು ಸಾಕಿತ್ತು. ಅದನ್ನೇ ಕಲಿಯಲು ಸೇರಿದ ಇಲ್ಲಿಯ ತರಗತಿ ಆ ಪುಸ್ತಕದಿಂದ ಶುರುವಾಗಲೇ ಇಲ್ಲ. ಮೊದಲ ಓದು ಬಾರ್ಬರಾ ವಿಂಗಾರ್ಡ್ ಮತ್ತು ಜೇನ್ ಲೆಸ್ಟರ್ 2001ರಲ್ಲಿ ಪ್ರಕಟಿಸಿದ ಪುಸ್ತಕ. ನಮ್ಮ ಕಥೆಗಳನ್ನು ನಮ್ಮನ್ನು ಗಟ್ಟಿ ಮಾಡುವ ಹಾಗೆ ಹೇಳಿಕೊಳ್ಳೋಣ ಎಂಬುದು ಅದರ ಹೆಸರಿನಲ್ಲೇ ಇದೆ. ವಿಂಗಾರ್ಡ್ ಈ ಊರಿನ ಮೂಲದವರಾದ ಗಾರ್ನ ಜನರ ಹಿರಿಯರು. ಎಲ್ಲರೂ ‘ಆಂಟಿ ಬಾರ್ಬ್’ ಎನ್ನುತ್ತಾರೆ. ವೈದ್ಯರಲ್ಲ, ಮನಶ್ಶಾಸ್ತ್ರದ ಪ್ರಾಧ್ಯಾಪಕರಲ್ಲ. ಆರೋಗ್ಯ ಕಾರ್ಯಕರ್ತೆಯಾಗಿ ಮನೆ ಮನೆ ಓಡಾಡಿದವರು.

ರಾತ್ರಿ ಪೊಲೀಸ್ ಹಾಗೂ ಜೈಲು ಕಸ್ಟಡಿಯಲ್ಲಾದ ಅಬಾರಿಜಿನಲ್ ಜನರ ಸಾವುಗಳ ತನಿಖಾ ಆಯೋಗದ ಬಗ್ಗೆ ಓದಿದೆ. 1987ರಿಂದ 1991ರವರೆಗೆ ಅದು 99 ಸಾವುಗಳನ್ನು ಪರಿಶೀಲಿಸಿತು. ಆ 99 ಮಂದಿಯಲ್ಲಿ 43 ಮಂದಿಯನ್ನು ಚಿಕ್ಕಂದಿನಲ್ಲೇ ಮನೆಯವರಿಂದ ಬೇರ್ಪಡಿಸಲಾಗಿತ್ತು. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಬರೆದು ನೋಡುತ್ತಾ ಕೂತೆ. ಇದನ್ನು ಬಿಟ್ಟು ಈ ನೆಲದಲ್ಲಿ ಯಾರ ಖಿನ್ನತೆಯ ಬಗ್ಗೆ ಮಾತಾಡಿದರೂ ಅದು ಅರ್ಧ ಮಾತು.

3 ಜೂನ್, ಶನಿವಾರ

ಆಂಟಿ ಬಾರ್ಬ್ ಅವರ ‘ಶುಗರ್’ ಪಾಠ. ಡಯಾಬಿಟಿಸ್ ಅಬಾರಿಜಿನಲ್ ಕುಟುಂಬಗಳನ್ನು ಹಿಂಡುತ್ತಿದ್ದರೂ ಅದರ ಮಾತೆತ್ತಿದರೆ ಜನ ಮೌನವಾಗುತ್ತಿದ್ದರು. ಆಸ್ಪತ್ರೆಗೆ ಹೋದರೆ ತಿಂದಿದ್ದಕ್ಕೆ, ಕುಡಿದಿದ್ದಕ್ಕೆ, ಮಾತ್ರೆ ಬಿಟ್ಟಿದ್ದಕ್ಕೆ ಬೈಗುಳ. ನಾಚಿಕೆಯಾದವರು ಮತ್ತೆ ಬರುತ್ತಿರಲಿಲ್ಲ. ಆಗ ಆಕೆ ಸಭೆಯ ಮುಂದೆ ಕಾಯಿಲೆಯನ್ನೇ ಕೂರಿಸಿದರು. ಒಬ್ಬರು ‘ಶುಗರ್’ ಆಗುತ್ತಾರೆ, ಉಳಿದವರು ಅದನ್ನು ಪ್ರಶ್ನಿಸುತ್ತಾರೆ. ನೀನು ಯಾರು? ನಮ್ಮ ಮನೆಗೆ ಹೇಗೆ ಬಂದೆ? ನಿನಗೆ ಏನು ಕಂಡರೆ ಖುಷಿ, ಏನು ಕಂಡರೆ ಭಯ?

ಇದನ್ನು ಕೇಳುವಾಗ ನನಗೆ ಯಕ್ಷಗಾನದ ರಂಗಸ್ಥಳ ಕಣ್ಣಿಗೆ ಕಟ್ಟಿತು. ರಾಕ್ಷಸ ಅಬ್ಬರಿಸಿಕೊಂಡು ಬಂದು ನಿಲ್ಲುತ್ತಾನೆ, ಭಾಗವತರು ‘ತಾವು ಯಾರು?’ ಎಂದು ಕೇಳುತ್ತಾರೆ, ಆತ ತನ್ನ ಬಲವನ್ನೆಲ್ಲ ಬಾಯಿಬಿಟ್ಟು ಹೇಳುತ್ತಾನೆ. ಅದರಲ್ಲೇ ಅವನ ಸಾವು ಎಲ್ಲಿದೆ ಎಂಬುದೂ ಗೊತ್ತಾಗುತ್ತದೆ. ಶುಗರ್ ಕೂಡ ಹಾಗೆಯೇ ಬಾಯಿಬಿಡುತ್ತದೆ: ನೀವು ನನ್ನ ಬಗ್ಗೆ ಮಾತಾಡದಿದ್ದರೆ ನನಗೆ ಅನುಕೂಲ, ನೀವು ಒಬ್ಬರಿಗೊಬ್ಬರು ಹೇಳಿಕೊಂಡರೆ, ರಕ್ತ ಪರೀಕ್ಷೆಗೆ ಜೊತೆಯಾಗಿ ಹೋದರೆ ನನ್ನ ಆಟ ನಡೆಯುವುದಿಲ್ಲ ಎಂದು.

ನನಗೆ ಮುಖ್ಯ ಎನಿಸಿದ್ದು ಇನ್ನೊಂದು ಪ್ರಶ್ನೆ. ನೀನು ಯಾವಾಗ ಬಂದೆ? ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಚರಿತ್ರೆ ಎದುರಾಗುತ್ತದೆ. ಬೇಟೆಯ ನೆಲ, ಮೀನಿನ ನೀರು ಕೈತಪ್ಪಿ, ಮಿಷನ್‌ಗಳಲ್ಲಿ ಮೈದಾ, ಸಕ್ಕರೆ, ಟೀಪುಡಿಯ ರೇಷನ್ ಮೇಲೆ ಬದುಕಬೇಕಾಗಿ ಬಂದ ಚರಿತ್ರೆ. ಬಾಯಿಚಪಲಕ್ಕೆ ಬಂದ ಕಾಯಿಲೆ ಎಂದು ಬೈಸಿಕೊಂಡವರಿಗೆ ಆಗ ತಲೆ ಎತ್ತಲು ಜಾಗ ಸಿಗುತ್ತದೆ. ಪಠ್ಯಪುಸ್ತಕದಲ್ಲಿ ಸಮಸ್ಯೆಯನ್ನು ಮನುಷ್ಯನಿಂದ ಬೇರ್ಪಡಿಸುವುದು ಒಂದು ಕೌಶಲ. ಆಂಟಿ ಬಾರ್ಬ್ ಕೈಯಲ್ಲಿ ಅದು ಮಾನ ಮರಳಿ ಕೊಡುವ ಕೆಲಸ. ವಿಧಾನ ಒಂದೇ ಇರಬಹುದು, ತೂಕ ಒಂದೇ ಅಲ್ಲ.

11 ಜೂನ್, ಭಾನುವಾರ

ಮಳೆ, ಚಳಿ. ಡೇಲಿ ನದಿಯ ಕಡೆಯ ಅಬಾರಿಜಿನಲ್ ಹಿರಿಯರಾದ ಮಿರಿಯಮ್-ರೋಸ್ ಉಂಗುನ್ಮರ್-ಬೌಮನ್ 1988ರಲ್ಲಿ ‘ದದಿರಿ’ಯ ಬಗ್ಗೆ ಮಾತಾಡಿದ್ದನ್ನು ಓದಿದೆ. ಒಳಗಿನಿಂದ ಆಲಿಸುವುದು, ಕಾಯುವುದು. ನಮ್ಮ ತರಬೇತಿಯಲ್ಲಿ ಮೌನವನ್ನೂ ಒಂದು ತಂತ್ರ ಎಂದು ಕಲಿಸುತ್ತಿದ್ದರು: ಕ್ಲೈಂಟ್ ಸುಮ್ಮನಾದರೆ ಇಷ್ಟು ಹೊತ್ತು ಕಾಯಿರಿ, ಆಮೇಲೆ ಕೇಳಿರಿ. ಇಲ್ಲಿ ಮೌನಕ್ಕೆ ಅವಧಿ ಗೊತ್ತುಮಾಡುವವರಿಲ್ಲ. ತರಗತಿ ನಡೆಸುವ ಹಿರಿಯರು ಒಂದು ಪ್ರಶ್ನೆ ಕೇಳಿ ಕಿಟಕಿಯಾಚೆ ನೋಡುತ್ತಾ ಕೂತರೆ ಯಾರೂ ಚಡಪಡಿಸುವುದಿಲ್ಲ.

24 ಜೂನ್, ಶನಿವಾರ

ಕೂರಾಂಗ್‌ಗೆ ಹೋಗಿ ಬಂದೆ. ಅಡಿಲೇಡಿನಿಂದ ಆಗ್ನೇಯಕ್ಕೆ, ಮರ್ರೆ ನದಿ ಸಮುದ್ರ ಸೇರುವ ಕಡೆಯಿಂದ ಮರಳುದಿಬ್ಬದ ಹಿಂದೆ ಉದ್ದಕ್ಕೂ ಚಾಚಿಕೊಂಡ ಹಿನ್ನೀರು. ಕೊಕ್ಕಿನ ಕೆಳಗೆ ಚೀಲ ತೂಗುವ ಪೆಲಿಕನ್ ಹಕ್ಕಿಗಳು. ಇದು ಙಾರಿಂಜೆರಿ ಜನರ ನೆಲ. ಆಸ್ಟ್ರೇಲಿಯಾದ 50 ಡಾಲರ್ ನೋಟಿನ ಮೇಲಿರುವ ಲೇಖಕ, ಸಂಶೋಧಕ ಡೇವಿಡ್ ಯುನೈಪನ್ ಈ ಜನಾಂಗದವರು. ನೋಟಿನ ಮೇಲೆ ಮುಖ ಬಂದಿದೆ. ಅವರ ಜನರ ನೀರು, ನೆಲದ ಜಗಳ ಮುಗಿದಿಲ್ಲ.

ಮೆನಿಂಗಿ ಊರಿನ ಆಚೆ ಇರುವ ಕ್ಯಾಂಪ್ ಕೂರಾಂಗ್ ಅನ್ನು ಙಾರಿಂಜೆರಿ ಜನರೇ ಕಟ್ಟಿದ್ದು. ಅಲ್ಲಿ 1994ರಲ್ಲಿ ನಡೆದ ಸಭೆಯ ಬಗ್ಗೆ ಬಹಳ ಕೇಳಿದ್ದೆ, ಅದಕ್ಕಾಗಿಯೇ ಹೋದದ್ದು. ಕಸ್ಟಡಿಯಲ್ಲಿ ಮನೆಯವರನ್ನು ಕಳೆದುಕೊಂಡ ಕುಟುಂಬಗಳು ಅಲ್ಲಿ ಸೇರಿದ್ದವು. ಕರೆದದ್ದು ದಕ್ಷಿಣ ಆಸ್ಟ್ರೇಲಿಯಾದ ಅಬಾರಿಜಿನಲ್ ಆರೋಗ್ಯ ಮಂಡಳಿ. ಅಡಿಲೇಡಿನ ನೆರೇಟಿವ್ ಥೆರಪಿ ಸಂಸ್ಥೆಯಾದ ಡಲ್ವಿಚ್ ಸೆಂಟರ್‌ನವರು, ಮೈಕೆಲ್ ವೈಟ್ ಸೇರಿದಂತೆ, ಆ ಕರೆಗೆ ಓಗೊಟ್ಟು ಹೋದರು. ಈ ಕ್ರಮ ನನಗೆ ಮುಖ್ಯವಾಗಿ ಕಾಣುತ್ತದೆ. ತಜ್ಞರು ಶಿಬಿರ ಹಾಕಿ ಜನರನ್ನು ಕರೆಯಲಿಲ್ಲ. ಜನರ ಸಂಸ್ಥೆ ಸಭೆ ಕರೆದು, ತಜ್ಞರಿಗೆ ಮೂಲೆಯಲ್ಲಿ ಒಂದು ಕುರ್ಚಿ ಕೊಟ್ಟಿತು.

ಸಾವು ಹೇಗಾಯಿತು, ಯಾರು ಹೊಣೆ ಎಂದು ಆಯೋಗ ಕೇಳಿತ್ತು. ಅದು 339 ಶಿಫಾರಸುಗಳನ್ನೂ ಕೊಟ್ಟಿತು. ಆದರೆ ಮಗ ಸತ್ತ ಮೇಲೆ ತಾಯಿ ದಿನ ಹೇಗೆ ದೂಡಿದಳು ಎಂದು ಕೇಳುವುದು ಯಾವ ಆಯೋಗದ ಕೆಲಸವೂ ಅಲ್ಲ. ಕ್ಯಾಂಪಿನಲ್ಲಿ ಆ ಪ್ರಶ್ನೆ ಬಂತು. ದುಃಖವನ್ನು ಹೇಳಿಕೊಳ್ಳುವುದರ ಜೊತೆಗೆ ಅನ್ಯಾಯವನ್ನು ಅನ್ಯಾಯವೆಂದೇ ಕರೆಯಲು ಅಲ್ಲಿ ಅವಕಾಶವಿತ್ತು. ದುಃಖ ಒಂದು ಕಾಯಿಲೆ ಎಂದು ಯಾರೂ ಹೇಳಲಿಲ್ಲ. ಕುಟುಂಬಗಳು ಆಡಿದ ಮಾತುಗಳನ್ನು ಅವರದೇ ನುಡಿಯಲ್ಲಿ ಬರೆದಿಟ್ಟರು. ಆ ದಾಖಲೆ 1995ರಲ್ಲಿ ಪ್ರಕಟವಾಯಿತು. ಕಥೆಗಳನ್ನೂ ಬದುಕನ್ನೂ ಮರಳಿ ನಮ್ಮ ಕೈಗೆ ತೆಗೆದುಕೊಳ್ಳುತ್ತಿದ್ದೇವೆ ಎಂದು ಅದರ ಹೆಸರೇ ಸಾರುತ್ತದೆ.

ಓದುವಾಗ ಎರಡು ಎಳೆಗಳು ಕಾಣುತ್ತವೆ. ಏನು ಆಯಿತು ಎಂಬುದು ಒಂದು. ಆದದ್ದರ ನಡುವೆಯೂ ಇವರು ಏನು ಮಾಡಿದರು, ಯಾರನ್ನು ಹಿಡಿದು ನಿಂತರು, ಯಾವುದನ್ನು ಬಿಟ್ಟುಕೊಡಲಿಲ್ಲ ಎಂಬುದು ಇನ್ನೊಂದು. ಮೊದಲನೆಯದನ್ನು ಮಾತ್ರ ಮತ್ತೆ ಮತ್ತೆ ಹೇಳಿಸಿದರೆ ಗಾಯ ಮತ್ತೆ ಕೆದಕಿದಂತೆ. ಎರಡನೆಯದನ್ನು ಮಾತ್ರ ಹೊಗಳಿದರೆ ತಪ್ಪಿತಸ್ಥರಿಗೆ ಬಿಡುಗಡೆ. ಎರಡನ್ನೂ ಒಟ್ಟಿಗೆ ಹಿಡಿಯಬೇಕು. ನಾನು ಓದಿದ ಮಟ್ಟಿಗೆ ಇದನ್ನು ಇಷ್ಟು ಚೆನ್ನಾಗಿ ಮಾಡಿ ತೋರಿಸಿದ ದಾಖಲೆ ಇನ್ನೊಂದಿಲ್ಲ.

ಆಯೋಗದ ವರದಿ ಬಂದ ಮೇಲೂ 500ಕ್ಕಿಂತ ಹೆಚ್ಚು ಅಬಾರಿಜಿನಲ್ ಮಂದಿ ಕಸ್ಟಡಿಯಲ್ಲಿ ಸತ್ತಿದ್ದಾರೆ. ಬರುವಾಗ ದಾರಿಯುದ್ದಕ್ಕೂ ಅದೇ ತಲೆಯಲ್ಲಿತ್ತು. ಆ ತಾಯಂದಿರನ್ನು ಯಾರು ಕೂರಿಸಿ ಕೇಳುತ್ತಿದ್ದಾರೆ?

7 ಜುಲೈ, ಶುಕ್ರವಾರ

ನೈಡಾಕ್ ವಾರ, ಮೂಲನಿವಾಸಿಗಳ ಹಬ್ಬದ ವಾರ. ಈ ವರ್ಷದ ಘೋಷಣೆಯೇ ಹಿರಿಯರ ಹೆಸರಿನಲ್ಲಿದೆ. ನಗರದ ನಡುವಿನ ತಾರ್ನ್‌ತಾನ್ಯಂಗ ಚೌಕದಲ್ಲಿ ಹೋಗಿ ನಿಂತೆ. ಕಪ್ಪು, ಕೆಂಪು, ನಡುವೆ ಹಳದಿ ಸೂರ್ಯನ ಅಬಾರಿಜಿನಲ್ ಬಾವುಟ 1971ರ ಜುಲೈನಲ್ಲಿ ಮೊದಲ ಸಲ ಹಾರಿದ್ದು ಇಲ್ಲೇ. ಅಜ್ಜಿಯರ ಕೈಹಿಡಿದ ಮೊಮ್ಮಕ್ಕಳು ಬಹಳ ಜನ ಇದ್ದರು.

19 ಆಗಸ್ಟ್, ಶನಿವಾರ

ಈ ವಾರವೆಲ್ಲ ನ್ಯೂಜಿಲೆಂಡಿನ ಲೋವರ್ ಹಟ್‌ನ ‘ಫ್ಯಾಮಿಲಿ ಸೆಂಟರ್’ ಬಗ್ಗೆ ಓದು. ಚಾರ್ಲ್ಸ್ ವಾಲ್ಡ್‌ಗ್ರೇವ್, ಸಮೋವಾ ಮೂಲದ ಕೀವಿ ತಮಸೆಸೆ, ಮಾವೊರಿ ಸಮುದಾಯದ ಫ್ಲೋರಾ ತುಹಾಕ, ವಾರಿಹಿ ಕ್ಯಾಂಪ್‌ಬೆಲ್. ತಮ್ಮ ಕೆಲಸವನ್ನು ಇವರು ‘ಜಸ್ಟ್ ಥೆರಪಿ’, ನ್ಯಾಯದ ಥೆರಪಿ, ಎಂದರು. ಇವರ ಆತ್ಮಾವಲೋಕನ ನೇರವಾಗಿದೆ. ಬಡವರು ಖಿನ್ನತೆ, ಜಗಳ, ನಿದ್ದೆಗೇಡು ಎಂದು ಬರುತ್ತಿದ್ದರು. ಕೆದಕಿದರೆ ಅದರ ಹಿಂದೆ ಕೆಲಸ ಹೋದದ್ದು, ತೇವ ಹಿಡಿದ ಇಕ್ಕಟ್ಟಿನ ಮನೆ, ಜನಾಂಗದ ಅವಮಾನ. ಅವರನ್ನು ಸಮಾಧಾನ ಮಾಡಿ ಅದೇ ಮನೆಗೆ ಕಳಿಸಿದರೆ, ಬಡತನದೊಳಗೆ ತುಸು ನೆಮ್ಮದಿಯಾಗಿ ಇರುವುದನ್ನು ಕಲಿಸಿದ ಹಾಗಾಯಿತು, ಅಷ್ಟೆ. ಹಾಗಾಗಿ ಅವರು ಥೆರಪಿಯ ಜೊತೆಗೇ ವಸತಿ, ಬಡತನದ ಬಗ್ಗೆ ಸಂಶೋಧನೆ ಮಾಡಿ ಸರ್ಕಾರದ ಮುಂದಿಟ್ಟರು.

ಸಂಸ್ಥೆಯ ಒಳಗೂ ಏರ್ಪಾಡು ಬದಲಾಯಿತು. ಮಾವೊರಿ, ಸಮೋವಾ, ಬಿಳಿಯರ ವಿಭಾಗಗಳು ಬೇರೆಬೇರೆಯಾದವು. ಬಿಳಿಯ ಸಿಬ್ಬಂದಿ ತಮ್ಮ ಕೆಲಸಕ್ಕೆ ಉಳಿದೆರಡು ವಿಭಾಗಗಳಿಗೆ ಉತ್ತರ ಕೊಡಬೇಕು. ಗಂಡಸರು ಹೆಂಗಸರಿಗೆ ಉತ್ತರ ಕೊಡಬೇಕು. ನಮ್ಮಲ್ಲಿ ಇದನ್ನು ಕಲ್ಪಿಸಿಕೊಂಡು ನೋಡಿದೆ. ದಲಿತ ಕೇರಿಯಲ್ಲಿ ಕೌನ್ಸೆಲಿಂಗ್ ಮಾಡುವ ಸಂಸ್ಥೆಯ ಮೇಲ್ಜಾತಿಯ ಸಿಬ್ಬಂದಿ ಕೇರಿಯ ಹೆಂಗಸರ ಸಭೆಗೆ ಲೆಕ್ಕ ಒಪ್ಪಿಸುವುದು. ಜಾತಿಯ ಮಾತನ್ನು ಒಂದು ‘ಅಂಶ’ ಎಂದು ಫಾರ್ಮಿನ ಕೊನೆಯ ಕಾಲಮಿಗೆ ತಳ್ಳುವ ಪದ್ಧತಿ ಅಂದೇ ನಿಲ್ಲುತ್ತದೆ.

ಕ್ವೀನ್ಸ್‌ಲೆಂಡಿನ ಟಿಲಿಯಾ ಡ್ರಾಮ್-ಬಟ್ಲರ್ ಬರಹ ಇದಕ್ಕೆ ಹೊಂದಿಕೊಂಡೇ ಓದಿಸಿಕೊಂಡಿತು. ವಸಾಹತು ಆಡಳಿತ ಅಬಾರಿಜಿನಲ್ ಜನರ ಬಗ್ಗೆ ಬರೆದ ಕಥೆಯನ್ನು ಅವರೇ ತಮ್ಮ ಬಗ್ಗೆ ನಂಬುವಂತಾಗಿದೆ. ಥೆರಪಿ ಆ ಕಥೆಯನ್ನು ಕಳಚಬೇಕು ಎಂಬುದು ಅವರ ವಾದ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರೆಲ್ಲ ಬಲ್ಲೆವು, ಒಬ್ಬರ ಬದುಕನ್ನು ಅವರಿಗಿಂತ ಮೊದಲು ಅವರ ಫೈಲ್ ಹೇಳಿಬಿಡುತ್ತದೆ.

10 ಸೆಪ್ಟೆಂಬರ್, ಭಾನುವಾರ

ಚಾಮರಾಜನಗರ ಜಿಲ್ಲೆಯಲ್ಲಿ ಕೆಲಸ ಮಾಡುವ ಗೆಳತಿಯ ಫೋನು. ಸೋಲಿಗ ಆದಿವಾಸಿಗಳ ಹಾಡಿಯ ಮಕ್ಕಳಿಗೆ ‘ಟ್ರೀ ಆಫ್ ಲೈಫ್’ ಮಾಡಿಸಬೇಕಂತೆ, ಸಾಮಗ್ರಿ ಕಳಿಸು ಎಂದಳು.

ಈ ಚಟುವಟಿಕೆ ಈಗ ಲೋಕವೆಲ್ಲ ಸುತ್ತಿದೆ. ಅದು ಹುಟ್ಟಿದ್ದು ಜಿಂಬಾಬ್ವೆಯಲ್ಲಿ. ಏಡ್ಸ್‌ನಿಂದ ತಂದೆತಾಯಿಯರನ್ನು ಕಳೆದುಕೊಂಡ ಮಕ್ಕಳು ಬುಲವಾಯೊ ಬಳಿಯ ಮಸಿಯೆ ಕ್ಯಾಂಪಿಗೆ ಬರುತ್ತಿದ್ದರು. ಅಲ್ಲಿದ್ದ ಮನಶ್ಶಾಸ್ತ್ರಜ್ಞೆ ನ್ಕಜೆಲೊ ನ್ಕೂಬೆ, ಡಲ್ವಿಚ್ ಸೆಂಟರ್‌ನ ಡೇವಿಡ್ ಡೆನ್‌ಬರೊ ಜೊತೆ ಸೇರಿ ಇದಕ್ಕೆ ಈಗಿನ ರೂಪ ಕೊಟ್ಟರು. ಸಾವಿನ ಬಗ್ಗೆ ನೇರ ಕೇಳಿದರೆ ಮಕ್ಕಳು ಮತ್ತೆ ಕುಸಿಯುತ್ತಿದ್ದರು. ಆದ್ದರಿಂದ ಮೊದಲು ಮರ ಬರೆಸುತ್ತಾರೆ. ಬೇರಿನಲ್ಲಿ ಹಿರಿಯರು, ಊರು, ಮನೆತನದ ಹಾಡು. ನೆಲದಲ್ಲಿ ದಿನನಿತ್ಯದ ಬದುಕು. ಕಾಂಡದಲ್ಲಿ ಮಗು ಬಲ್ಲ ಕೆಲಸ. ಕೊಂಬೆಯಲ್ಲಿ ಆಸೆ, ಎಲೆಯಲ್ಲಿ ಬೇಕಾದವರು. ಸತ್ತವರಿಗೂ ಅಲ್ಲಿ ಎಲೆ ಉಂಟು. ಹಣ್ಣಿನಲ್ಲಿ ಇತರರಿಂದ ಪಡೆದದ್ದು. ಎಲ್ಲರ ಮರಗಳನ್ನು ಗೋಡೆಗೆ ಹಚ್ಚಿ ಕಾಡು ಮಾಡಿದ ಮೇಲೆ, ಕಾಡಿಗೆ ಬರುವ ಬಿರುಗಾಳಿಯ ಮಾತು. ನಿಲ್ಲಲು ಜಾಗ ಸಿಕ್ಕ ಮೇಲೆಯೇ ಗಾಳಿಯ ಬಗ್ಗೆ ಮಾತು. ಈ ಕ್ರಮ ತಪ್ಪಬಾರದು.

ಸೋಲಿಗರ ಮಕ್ಕಳಿಗೆ ಮರ ಎಂದರೆ ಕಾಗದದ ಚಿತ್ರವಲ್ಲ. ಅಭಯಾರಣ್ಯ ಘೋಷಣೆಯಾದ ಮೇಲೆ ಅವರ ಅಜ್ಜ ಅಜ್ಜಿಯರು ಕಾಡಿನ ಬೇಸಾಯ, ಬೇಟೆ ಎರಡನ್ನೂ ಬಿಡಬೇಕಾಯಿತು. 2011ರಲ್ಲಿ ಅರಣ್ಯ ಹಕ್ಕು ಪಡೆಯುವವರೆಗೆ ಅವರು ದೊಡ್ಡ ಹೋರಾಟವನ್ನೇ ಮಾಡಿದರು. ಅದು ಈ ಮಕ್ಕಳ ಬೇರಿನಲ್ಲಿ ಬರದಿದ್ದರೆ ಚಟುವಟಿಕೆ ಚಿತ್ರಕಲೆಯ ತರಗತಿಯಾಗಿ ಮುಗಿಯುತ್ತದೆ. ತಕ್ಷಣ ಉತ್ತರ ಕೊಡಲಿಲ್ಲ. ಬರೆದು ಕಳಿಸುತ್ತೇನೆ ಎಂದೆ.

15 ಅಕ್ಟೋಬರ್, ಭಾನುವಾರ

ನಿನ್ನೆ ಜನಮತಗಣನೆ. ಮೂಲನಿವಾಸಿಗಳಿಗೆ ಸಂಸತ್ತಿನ ಮುಂದೆ ತಮ್ಮ ಮಾತು ಹೇಳುವ ಒಂದು ಸಲಹಾ ಮಂಡಳಿ ಇರಲಿ ಎಂದು ಸಂವಿಧಾನದಲ್ಲಿ ಸೇರಿಸಬೇಕೆ ಎಂಬ ಪ್ರಶ್ನೆಗೆ ನೂರಕ್ಕೆ ಸುಮಾರು 60 ಮಂದಿ ಬೇಡ ಎಂದರು. ಆರೂ ರಾಜ್ಯಗಳು ಬೇಡ ಎಂದವು. ಇದಕ್ಕಾಗಿ ದುಡಿದ ಮೂಲನಿವಾಸಿ ನಾಯಕರು ಒಂದು ವಾರದ ಮೌನಕ್ಕೆ ಕರೆಕೊಟ್ಟಿದ್ದಾರೆ. ಈ ವಾರದ ತರಗತಿ ಇಲ್ಲ.

ನಾಳೆ ಆಸ್ಪತ್ರೆಗೆ ಬರುವ ಅಬಾರಿಜಿನಲ್ ತರುಣನೊಬ್ಬ ‘ನಿದ್ದೆ ಬರುತ್ತಿಲ್ಲ’ ಎಂದರೆ ಕಾರಣ ಅವನ ಮಿದುಳಿನಲ್ಲಿ ಮಾತ್ರ ಹುಡುಕುವುದು ಅಪ್ರಾಮಾಣಿಕ ಕೆಲಸ. ಇದು ನನ್ನ ಖಚಿತ ಅಭಿಪ್ರಾಯ.

22 ಅಕ್ಟೋಬರ್, ಭಾನುವಾರ

ಗೆಳತಿಗೆ ಪತ್ರ ಮುಗಿಸಿದೆ. ಅದರ ಮುಖ್ಯ ಭಾಗವನ್ನು ಇಲ್ಲಿಯೂ ಬರೆದಿಟ್ಟುಕೊಳ್ಳುತ್ತೇನೆ.

‘ಸಾಮಗ್ರಿ ಕಳಿಸುತ್ತಿದ್ದೇನೆ, ಆದರೆ ಅದನ್ನು ತೆಗೆದುಕೊಂಡು ನೇರ ಮಕ್ಕಳ ಹತ್ತಿರ ಹೋಗಬೇಡ. ಮೊದಲು ಹಾಡಿಯ ಹಿರಿಯರ ಹತ್ತಿರ ಹೋಗು. ಇದು ಬೇಕೇ ಎಂದು ಕೇಳು. ಬೇಡ ಎಂದರೆ ಬಿಡು. ಬೇಕೆಂದರೆ ನಡೆಸುವವರು ಅವರೇ ಆಗಲಿ, ನೀನು ಕಾಗದ, ಬಣ್ಣ ಹೊತ್ತುಕೊಂಡು ಹೋಗು. ಮಕ್ಕಳು ಬರೆದ ಮರಗಳು ಹಾಡಿಯಲ್ಲೇ ಉಳಿಯಲಿ, ಸಂಸ್ಥೆಯ ವರದಿಗೆ ಫೋಟೊ ಬೇಡ. ಕಾಡಿನ ಹಕ್ಕಿನ ಮಾತು ಬಂದರೆ ಅದು ವಿಷಯಾಂತರ ಎಂದು ತಡೆಯಬೇಡ. ಕರಪತ್ರ ಅಚ್ಚು ಹಾಕಿಸಿದರೆ, ಈ ಕೆಲಸ ಜಿಂಬಾಬ್ವೆಯ ನ್ಕಜೆಲೊ ನ್ಕೂಬೆ ಅವರಿಂದ ಬಂದದ್ದು ಎಂದು ದಪ್ಪ ಅಕ್ಷರದಲ್ಲಿ ಹಾಕಿಸು. ಹಿರಿಯರು ಏನಂದರು ಎಂದು ನನಗೆ ಬರೆ.’