ಬಿಟ್ಟದ್ದು ಯಾರು, ಬಿಡಿಸಿದ್ದು ಯಾರು?

ಜಿಲ್ಲಾ ಸುದ್ದಿಗಾರನ ಕೈಗೆ ಬರುವ ಕಾಗದಗಳಲ್ಲಿ ಇಂಗ್ಲಿಷಿನವೇ ಬಹಳ. ಡೆಸ್ಕಿನವರು ಫೋನ್ ಮಾಡುವಷ್ಟರಲ್ಲಿ ಕನ್ನಡ ಮಾಡಿ ಕಳಿಸಬೇಕು. ಗಿವ್ ಅಪ್, ಸರೆಂಡರ್, ವೇವ್, ಅಬ್ಯಾಂಡನ್, ರಿಲಿಂಕ್ವಿಶ್, ಯಾವುದು ಬಂದರೂ 'ಬಿಟ್ಟುಕೊಡು' ಅಂತ ಬರೆದು ಮುಗಿಸಬಹುದು. ಆದರೆ ಇವು ಒಂದೇ ಅಲ್ಲ.

2015ರಲ್ಲಿ ಕೇಂದ್ರ ಸರ್ಕಾರ, ಉಳ್ಳವರು ಗ್ಯಾಸ್ ಸಬ್ಸಿಡಿ ಬಿಡಿ ಎಂದು ಕೇಳಿತು. ಅಭಿಯಾನದ ಹೆಸರೇ 'ಗಿವ್ ಇಟ್ ಅಪ್'. ಸಿಗುತ್ತಿದ್ದುದನ್ನು ತಾನಾಗಿ ಬೇಡ ಅನ್ನುವುದು. ಬೀಡಿ ಬಿಡುವುದಕ್ಕೂ ಆಸೆ ಬಿಡುವುದಕ್ಕೂ ಇದೇ ಮಾತು.

ಸರೆಂಡರ್‌ನಲ್ಲಿ ಎದುರಿಗೆ ಇನ್ನೊಬ್ಬರು ಇರಲೇಬೇಕು. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಮುಂದೆ ಶರಣಾದರಲ್ಲ, ಅದು ಸರೆಂಡರ್. ಕಂತು ಕಟ್ಟಲಾಗದೆ ವಿಮೆ ಪಾಲಿಸಿ ಕಂಪನಿಗೆ ವಾಪಸ್ ಕೊಟ್ಟು, ಬಂದಷ್ಟು ದುಡ್ಡು ತಗೊಂಡರೆ ಅದೂ ಸರೆಂಡರ್.

ವೇವ್ ಮಾಡುವುದು, ವಸೂಲಿ ಮಾಡುವ ಹಕ್ಕು ಇದ್ದವರು. 2018ರಲ್ಲಿ ನಮ್ಮ ರಾಜ್ಯ ಸರ್ಕಾರ ಘೋಷಿಸಿದ್ದು ಸಾಲ ಮನ್ನಾ. ಇನ್ನು ಅಬ್ಯಾಂಡನ್ ಅಂದರೆ ನೋಡಿಕೊಳ್ಳಬೇಕಾದವನೇ ನಡುನೀರಲ್ಲಿ ಕೈಬಿಡುವುದು.

ಉಳಿದದ್ದು ರಿಲಿಂಕ್ವಿಶ್. ನಮ್ಮೂರ ಹೆಣ್ಣುಮಕ್ಕಳಿಗೆ ಗೊತ್ತಿರಬೇಕಾದ ಪದ ಇದೇ.

ದೊಡ್ಡಮ್ಮನ ಮಗಳು ಒಂದಿನ ಫೋನ್ ಮಾಡಿದ್ದಳು. "ತಮ್ಮಾ, ಅಪ್ಪನ ಜಮೀನಿನ ಪೌತಿ ಖಾತೆಗೆ ನನ್ನ ಸಹಿ ಬೇಕಂತೆ. ಕಾಗದದ ಫೋಟೋ ಹಾಕಿದೀನಿ, ಏನಿದೆ ನೋಡು." ಬೆಂಗಳೂರಲ್ಲಿರುವ ಅಣ್ಣ ಬರೆಸಿದ ಕಾಗದ, ಪೂರ್ತಿ ಇಂಗ್ಲಿಷು. ಎರಡನೇ ಪುಟದಲ್ಲಿ ಆ ಪದ ಇತ್ತು. ಅದು ಪೌತಿ ಖಾತೆಯ ಅರ್ಜಿಯೇ ಅಲ್ಲ, ಹಕ್ಕು ಬಿಡುಗಡೆ ಪತ್ರ. ನಾವು ರಿಲೀಸ್ ಡೀಡ್ ಅನ್ನುತ್ತೇವಲ್ಲ, ಅದು. ಪೌತಿ ಖಾತೆಯಲ್ಲಿ ಎಲ್ಲ ವಾರಸುದಾರರ ಹೆಸರೂ ಜಂಟಿಯಾಗಿ ಕೂರಬಹುದು. ರಿಲೀಸ್ ಡೀಡ್ ನೋಂದಣಿಯಾದರೆ ಪಾಲೇ ಹೋಯಿತು. ಮೋಸವಾಯಿತು ಅಂತ ತಿಳಿದ ಮೇಲೆ ಕೋರ್ಟಿಗೆ ಅಲೆಯಬೇಕು.

ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹುಟ್ಟಿನಿಂದ ಹಕ್ಕು. ಆ ದಿನ ತಂದೆ ಬದುಕಿರಲೇಬೇಕು ಅಂತೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಅರಿಶಿನ ಕುಂಕುಮ, ಒಂದು ಸೀರೆ ಕೊಟ್ಟು ಸಹಿ ಹಾಕಿಸಿಕೊಳ್ಳುವುದು ನಿಂತಿಲ್ಲ. ಪತ್ರದಲ್ಲಿ ಮಾತ್ರ 'ಯಾರ ಒತ್ತಾಯವೂ ಇಲ್ಲದೆ, ಸ್ವಇಚ್ಛೆಯಿಂದ' ಅಂತಲೇ ಇರುತ್ತದೆ.

ರಿಲಿಂಕ್ವಿಶ್ ಅಂದರೆ ತನ್ನದೆಂದು ಗೊತ್ತಿದ್ದ ಹಕ್ಕನ್ನು ಗೊತ್ತಿದ್ದೇ ಬಿಡುವುದು. ತನ್ನದು ಅಂತಲೇ ತಿಳಿಯದವಳು ಬಿಡುವುದಾದರೂ ಏನನ್ನು? ಅಲ್ಲಿ ನಡೆಯುವುದು ಬಿಡಿಸಿಕೊಳ್ಳುವುದು.

ಅಕ್ಕನಿಗೆ ಇಷ್ಟನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ನಂದೂ ಒಂದು ಪಾಲಿದೆ ಅಂತಾಯ್ತು. ಬಿಡೋದೋ ಇಟ್ಕೊಳ್ಳೋದೋ, ನಾನೇ ಯೋಚನೆ ಮಾಡ್ತೀನಿ."

ನಿಮ್ಮ ಮನೆಗೂ ಇಂಥ ಕಾಗದ ಬಂದರೆ ಸಹಿಗೆ ಮೊದಲು ಮೂರು ಮಾತು ಕೇಳಿ. ಬಿಡುತ್ತಿರುವುದು ಏನನ್ನು? ಅದು ಹೋಗುವುದು ಯಾರಿಗೆ? ಬೇಡ ಅನ್ನಲು ನನಗೆ ಬಿಡುವಿದೆಯೇ?